ಬೂದು ಬಣ್ಣದ ಡಬ್ಬಿ

ಮೂರು ಪಟ್ಟೆ: ಬಿಳಿ, ಕೆಂಪು, ಬಿಳಿ.
ಒಂದೊಂದೂ ಎರಡು ಬೆರಳಗಲ,
ಉದ್ದ ಗೇಣಿಗೂ ಕಡಿಮೆ.
ಮೂವತ್ತೊಂದು ವರ್ಷ ಶುಮಾವಾ ಕಾಡಿನಲ್ಲಿ
ಇಷ್ಟೇ ನನ್ನ ಬರವಣಿಗೆ.
ಓದಿದವರು ಓದಿಕೊಂಡು ಮುಂದೆ ನಡೆದರು.
ಯಾರಾದರೂ ಅದರೆದುರು ನಿಂತೇ ಬಿಟ್ಟರೆ
ಮೆಚ್ಚಿದರು ಅಂತಲ್ಲ,
ದಾರಿ ತಪ್ಪಿದ್ದಾರೆ ಅಂತ.

ಬಳಿಯುವ ಮುಂಚೆ ಕೆರೆಯಬೇಕು.
ಓಟಕರ್ ಕಲಿಸಿದ್ದು: ಮಗುವಿನ ಮೂಗು ಒರೆಸಿದ ಹಾಗೆ,
ತೊಗಟೆಗೆ ನೋಯಬಾರದು, ಪಾಚಿ ಉಳಿಯಬಾರದು.
ಕೆರೆದರೆ ಕೆಂಪಿನಡಿ ಇನ್ನೊಂದು ಕೆಂಪು,
ಅದರಡಿ ಸುಟ್ಟ ಇಟ್ಟಿಗೆಯಂಥದ್ದು,
ಅದಕ್ಕೂ ಕೆಳಗೆ
ಯುದ್ಧಕ್ಕೆ ಮುಂಚೆ ಯಾರೋ ಬಳಿದದ್ದು.
ಅವರ ಕೈ ತುಸು ಎಡಕ್ಕೆ ವಾಲುತ್ತಿತ್ತು.
ಹೆಸರು ಗೊತ್ತಿಲ್ಲ. ವಾಲುವುದು ಗೊತ್ತು.

ಮರ ದಪ್ಪಗಾದಂತೆ ಪಟ್ಟೆಯೂ ಹಿಗ್ಗುತ್ತದೆ,
ಬಸುರಿ ಹೊಟ್ಟೆಯ ಗೆರೆಯಂತೆ ಬಿರಿಯುತ್ತದೆ.
ಮೂರು ವರ್ಷಕ್ಕೊಮ್ಮೆ ಹೋಗಿ
ಅಳತೆಗೆ ತರಬೇಕು.

ನನ್ನ ಬೂಟಿಗೆ ಇದು ನಾಲ್ಕನೆಯ ಅಟ್ಟೆ.
ವಿಂಪೆರ್ಕಿನ ಮೋಚಿ ಪ್ರತಿ ಸಲ ಗೊಣಗುತ್ತಾನೆ,
"ಕ್ವೆತೊಸ್ಲಾವಾ, ಈ ಸಲ ಪೂರ್ತಿ ಹೊಸದೇ ತಗೋ."
ಮೇಲೂ ಹೊಸದು ಕೆಳಗೂ ಹೊಸದು ಆದರೆ
ದಾರಿ ನೆನಪಿರುವುದು ಯಾವುದಕ್ಕಪ್ಪ?

ಈ ವಸಂತದಲ್ಲಿ ಸಂಘದ ಕಾಗದ ಬಂತು.
ತೊಗಟೆ ಹುಳು ಮೂರನೆಯ ಕಣಿವೆಗೂ ಇಳಿದಿದೆ,
ಹನ್ನೊಂದು ಕಿಲೋಮೀಟರು ಸ್ಪ್ರೂಸ್ ಮರಗಳು
ನಿಂತಲ್ಲೇ ಒಣಗಿವೆ, ಗಾಳಿಗೆ ಹೇಳದೆ ಬೀಳುತ್ತವೆ.
ದಾರಿಯನ್ನು ಆಚೆ ಗುಡ್ಡಕ್ಕೆ ತಿರುಗಿಸಲಾಗಿದೆ.
ಹಳೆಯ ಗುರುತು ಅಳಿಸತಕ್ಕದ್ದು.
ಜೊತೆಗೊಂದು ಡಬ್ಬಿ.

ಅಳಿಸುವುದಕ್ಕೂ ಒಂದು ಬಣ್ಣವಿದೆ ನಮ್ಮಲ್ಲಿ:
ಬೂದು. ಸತ್ತ ತೊಗಟೆಯದೇ ಬಣ್ಣ.
ಬರೆಯಲು ಇಬ್ಬರು ಹೋಗಬೇಕೆಂಬುದು ನಿಯಮ,
ಒಬ್ಬರು ಬಳಿಯಲು, ಒಬ್ಬರು ದೂರ ನಿಂತು
ಕಾಣುತ್ತದೆಯೇ ನೋಡಲು.
ಅಳಿಸಲು ಒಬ್ಬಳೇ ಸಾಕೆಂದರು.
ಓಟಕರನ ಮೊಣಕಾಲು ಹೇಗೂ ಈಗ
ಪ್ರಾಗಿನಲ್ಲಿ ಮಗಳ ಮನೆಯ ಮೆಟ್ಟಿಲಿಗಷ್ಟೇ ಮೀಸಲು.

ಇಪ್ಪತ್ತೇಳನೆಯ ಮರದ ಹತ್ತಿರ ಒಬ್ಬ ಹುಡುಗ ಓಡಿ ಬಂದ.
ಗಿಳಿ ಹಸಿರು ಶೂ, ಬೆನ್ನಿಗೆ ನೀರಿನ ಚೀಲ,
ಚೀಲದಿಂದ ಬಾಯಿಗೆ ಕೊಳವೆ,
ಆಸ್ಪತ್ರೆಯಿಂದ ತಪ್ಪಿಸಿಕೊಂಡವನ ಹಾಗೆ.
ಗಡಿಯಾರ ಕುಯ್ಯೆಂದಿತು.
"ಅಜ್ಜಿ, ಇದು ಇಲ್ಲೇ ದಾರಿ ಅನ್ನುತ್ತಿದೆ."
ನಿನ್ನೆಯವರೆಗೆ ನಿಜ ಹೇಳುತ್ತಿತ್ತು ಅಂದೆ.
"ಮುಂದಿನ ಮರದಲ್ಲಿ ಕೆಂಪಿದೆಯಲ್ಲ?"
ಇನ್ನು ಹತ್ತು ನಿಮಿಷ ಇರುತ್ತದೆ.

ಅವನು ಬಾಗಿ ಲೇಸು ಬಿಗಿದ, ತುಂಬ ಹೊತ್ತು.
ನಲವತ್ತಾರು ಕಿಲೋಮೀಟರಾಯಿತಂತೆ,
ಹಿಂದೆ ತಿರುಗಿದರೆ ಕತ್ತಲಾಗುತ್ತದಂತೆ.
ಗಾಳಿ ನೋಡಿದೆ. ಎಲೆಯಿಲ್ಲದ ತುದಿಗಳು ಅಲುಗಲಿಲ್ಲ.
ಹೋಗು, ಅಂದೆ. ನೆಲ ನೋಡಬೇಡ, ಮೇಲೆ ನೋಡು.
ಎಲ್ಲೂ ನಿಂತು ನೀರು ಕುಡಿಯಬೇಡ.

ಹೋದ. ಹಸಿರು ಎರಡು ಸಲ ಮಿಂಚಿ ಇಲ್ಲವಾಯಿತು.
ಕೆಸರಿನಲ್ಲಿ ಅವನ ಶೂಗಳ ಅಚ್ಚು,
ಸಣ್ಣ ಸಣ್ಣ ಬಾಣಗಳು,
ಎಲ್ಲವೂ ನನ್ನ ಕಡೆಗೇ ಮುಖ ಮಾಡಿದ್ದವು.

ಡಬ್ಬಿಯ ಮುಚ್ಚಳ ಹಾಕಿ ಕೂತೆ.
ಬ್ರೆಡ್ಡು ತಿಂದೆ, ಉಪ್ಪಿನ ಸೌತೆ ಕಚ್ಚಿದೆ,
ಕುಂಚದ ಕೂದಲು ಬಾಚಿದೆ.
ಅಂಥ ಕಾಲಿಗೆ ಕಣಿವೆ ದಾಟಲು ಒಂದು ತಾಸು,
ನಾನು ಎರಡು ಕೊಟ್ಟೆ.
ಅಷ್ಟು ಹೊತ್ತು ಉಳಿದ ಕೆಂಪೆಲ್ಲ ಅವನೊಬ್ಬನದೇ.

ಆಮೇಲೆ ಎದ್ದು ಇಪ್ಪತ್ತೆಂಟನೆಯದು. ಆ ವಾಲುವ ಕೈಯ ಮರ.
ಕೆರೆಯಲಿಲ್ಲ. ಮೇಲೆಯೇ ಬಳಿದೆ,
ಎಷ್ಟು ಪದರ ಒಳಗಿವೆಯೋ ಅಷ್ಟೂ ಇರಲಿ ಎಂದು.
ಅಭ್ಯಾಸಬಲ, ಹತ್ತು ಹೆಜ್ಜೆ ಹಿಂದೆ ಸರಿದು
ಕಾಣುತ್ತದೆಯೇ ಅಂತ ನೋಡಿದೆ.

ಬೂದು ಚೌಕ ತುಸು ಎಡಕ್ಕೆ ವಾಲಿತ್ತು.
ತಿದ್ದಲಿಲ್ಲ.
ಡಬ್ಬಿಯಲ್ಲಿ ಅರ್ಧ ಬಾಕಿ.
ನಾಳೆ ಗಾಳಿಯಿಲ್ಲದಿದ್ದರೆ ಮತ್ತೆ ಬರಬೇಕು.