ಹದಿನೈದು ನಿಮಿಷ

ಭಾನುವಾರ ಹತ್ತಕ್ಕೆ ಫೋನು ಶುರು.
ಮೂವತ್ತೊಂದು ವರ್ಷ ಫೋರ್ಟಿನ ಬ್ಯಾಂಕಿನಲ್ಲಿ
ಬೋರ್ಡಿನ ಮುಂದೆ ಕೂತು
ಯಾರ್ಯಾರಿಗೋ ಯಾರ್ಯಾರನ್ನೋ ಜೋಡಿಸಿದವನು ನಾನು.
ಈಗ ಜೋಡಿಸಲು ಉಳಿದದ್ದು ಇಷ್ಟೇ:
ಒಂದು ಕಿವಿ, ಒಂದು ಪುಸ್ತಕ, ನಡುವೆ
ಸೋಪಿನ ಬಿಲ್ಲೆಯಷ್ಟು ದಪ್ಪದ ಮೂಕ ಡಬ್ಬಿ.

ಹೆಚ್ಚಿನವು ಸಣ್ಣ ಕಾಯಿಲೆ.
ಮುಲುಂಡಿನ ಮೇಷ್ಟ್ರ ಪಿನ್ನು ಅರ್ಧವೇ ಹೊಕ್ಕಿತ್ತು,
ಶ್ರಾವಣವಿಡೀ ಒಂದೇ ಕಿವಿಯಲ್ಲಿ ಪುರಾಣ ಕೇಳಿದ್ದರು.
ಮಾಹಿಮಿನ ಡಿಕೋಸ್ತರ ಕಾರ್ಡಿಗೆ ಉಪ್ಪುಗಾಳಿ ಹಿಡಿದಿತ್ತು;
ಮೊಮ್ಮಗಳ ರಬ್ಬರಿನಿಂದ ಹಲ್ಲುಜ್ಜಿದ ಹಾಗೆ ಉಜ್ಜಿ,
ಊದಬೇಡಿ, ಉಗುಳು ಹಾರುತ್ತದೆ, ಅಂದೆ.
ಇನ್ನೊಬ್ಬರದರಲ್ಲಿ ವೇಗ ಏರಿ ಕೂತು
ಓದುವಾಕೆ ಗುಬ್ಬಿಯಂತೆ ಚಿಲಿಪಿಲಿಗುಟ್ಟುತ್ತಿದ್ದಳು.

ವಡಾಲದ ಚಂಪಕಾ ಸುವರ್ಣರ ಕೇಸು ಬೇರೆ.
"ಮಾತಾಡ್ತದೆ ಮಾರಾಯ್ರೆ, ಚಂದ ಮಾತಾಡ್ತದೆ.
ಸರೀ ಹೊತ್ತಿಗೆ ಸಾಯ್ತದೆ.
ಮರುದಿನ ಒತ್ತಿದರೆ ಪುನಃ ಮೊದಲಿಂದ.
ಧಕ್ಕೆಯಲ್ಲಿ ಲಾಂಚು ನಿಲ್ತದೆ,
ಹುಡುಗಿ ಟ್ರಂಕು ಹೊತ್ತು ಇಳೀತಾಳೆ,
ಕರಕೊಂಡು ಹೋಗ್ಲಿಕ್ಕೆ ಬರಬೇಕಾದವ ಬಂದಿರೂದಿಲ್ಲ.
ಅಷ್ಟೇ. ಟಕ್."

ನನ್ನ ಯಂತ್ರವನ್ನೂ ತೊಡೆಯ ಮೇಲಿಟ್ಟುಕೊಂಡೆ.
ಇಬ್ಬರಿಗೂ ಕಾಣದು; ಒಂದೇ ಅಚ್ಚಿನ ಎರಡು ಡಬ್ಬಿ,
ನನ್ನ ಚೆಂಬೂರಿಗೂ ಅವರ ಕೋಣೆಗೂ ನಡುವೆ ಹಾರ್ಬರ್ ಲೈನು.
ಬ್ಯಾಟರಿ?
"ತುಂಬಿದೆ ಅಂತ ಅದೇ ಹೇಳ್ತದೆ."
ಗುಂಡಿಗಳಿಗೆ ಬೀಗ?
"ಇಲ್ಲ."
ಬಲತುದಿಯಲ್ಲಿ ಉಬ್ಬಿದ ಚಂದ್ರ. ಚಂದ್ರ ಅಂತ ಹೇಳಿದ್ದಾರೆ ನನಗೆ,
ನನ್ನ ಬೆರಳಿಗೆ ಅದು ಕತ್ತರಿಸಿದ ಉಗುರು.
ಸಿಕ್ಕಿತಾ? ಒತ್ತಿ.
'ನಿದ್ರೆ: ಹದಿನೈದು ನಿಮಿಷ' ಎಂದಿತು ವಡಾಲದ ಡಬ್ಬಿ.
ಅಳಿಯ ತಂದುಕೊಟ್ಟ ದಿನವೇ ಇಟ್ಟಿದ್ದನಂತೆ,
ಅತ್ತೆಯ ನಿದ್ದೆ ಕೆಡದಿರಲಿ ಎಂದು.

ಇನ್ನು ಮರೆವು. ಕಾರ್ಡು ತೆಗೆಯಿರಿ,
ಎಡ ಅಂಚಿನಲ್ಲಿ ಎಳ್ಳಿನಷ್ಟು ಕೊಕ್ಕೆ,
ಕೆಳಗೆ ಜಾರಿದ್ದರೆ ಬೀಗ. ಬೀಗ ಬಿದ್ದ ಕಾರ್ಡಿನಲ್ಲಿ
ಎಲ್ಲಿಗೆ ನಿಲ್ಲಿಸಿದೆ ಎಂದು ಯಂತ್ರ ಗುರುತು ಬರೆದುಕೊಳ್ಳದು.
ಕಣ್ಣಿದ್ದವರೂ ತಡಕಾಡುವ ಜಾಗ.
ಇವರು ಇಪ್ಪತ್ತೆಂಟು ವರ್ಷ ಸೀರೆಗೆ ಫಾಲು ಹಚ್ಚಿದವರು,
ಕಾಜಾ ಹೊಲಿದವರು,
ಕೊನೆಯ ಆರು ವರ್ಷ ಬೆರಳಲ್ಲೇ ನೋಡಿ ಸೂಜಿ ಪೋಣಿಸಿದವರು.
ನಾನು ವಾಕ್ಯ ಮುಗಿಸುವ ಮೊದಲೇ ಕೇಳಿಸಿತು:
ಚಿಟ್.

"ಅಂದ್ರೆ ಕತೆ ಮುಂದೆ ಉಂಟಾ?"
ಹನ್ನೊಂದು ಗಂಟೆ ಉಂಟು.
ಮಾತಿಲ್ಲ. ಲೋಕಲ್ಲೊಂದು ಹೋಯಿತು ಅವರ ಕಿಟಕಿಯಾಚೆ.
"ಗಣಪತಿಯಿಂದ ಸಂಕ್ರಾಂತಿವರೆಗೆ ನಾನೇ ನಡೆಸಿದೆ.
ಧಕ್ಕೆಯಲ್ಲೇ ಬಿಡ್ಲಿಕ್ಕಾಗ್ತದಾ ಒಂದು ಹೆಣ್ಣುಮಗುವನ್ನು?
ಶಿವಡಿಯ ಖೋಲಿಯಲ್ಲಿ ಇಟ್ಟೆ, ಬೀಡಿಂಗ್ ಕಲಿಸಿದೆ,
ಮೆಷಿನ್ನು ತೆಗೆಸಿಕೊಟ್ಟೆ ಕಂತಿನಲ್ಲಿ.
ಎರಡು ಕಂತು ಬಾಕಿ."

ತೊಂದರೆ ಬಗೆಹರಿಯಿತೇ ಎಂದು ಕೊನೆಗೆ ಕೇಳುವುದು ನನ್ನ ಪದ್ಧತಿ.
ಕೇಳಲಿಲ್ಲ.
ಅವರು ಒತ್ತಿದರು, ಫೋನು ಇಡಲಿಲ್ಲ.
ಹದಿನಾಲ್ಕು ನಿಮಿಷ ಇಬ್ಬರೂ ಲಾಂಚಿನಲ್ಲಿ,
ಡೀಸೆಲ್ಲಿನ ವಾಸನೆ, ಇಳಿಯುವವರ ನೂಕಾಟ.
ಹದಿನೈದು.
ಅವರು ಉಸಿರು ಹಿಡಿದದ್ದು ಕೇಳಿಸಿತು.
ಯಂತ್ರದಾಕೆ ಎಂದಿನ ನಿರ್ಭಾವದಲ್ಲಿ ಮುಂದಿನ ಸಾಲು ಓದಿದಳು.

ಮುಂದಿನ ಭಾನುವಾರ ಹತ್ತು ಹೊಡೆಯುವ ಮೊದಲೇ ಅವರ ಫೋನು.
"ಮೆಷಿನ್ ಸರಿ ಉಂಟು. ಕತೆ ಕೆಟ್ಟಿದೆ.
ಎಂಟನೇ ಗಂಟೆಯಲ್ಲಿ ಅವಳನ್ನು
ಆ ಬಾರದೇ ಇದ್ದವನಿಗೇ ಕಟ್ಟಿಬಿಟ್ಟಿದ್ದಾರೆ.
ನನ್ನ ಹದಿನೈದು ನಿಮಿಷ ವಾಪಸ್ ಹಾಕೂದು ಹೇಗೆ?"

ಬಲತುದಿ, ಅಂದೆ. ಕತ್ತರಿಸಿದ ಉಗುರು.
ಆಮೇಲೆ ಆ ಕೊಕ್ಕೆ…
"ಅದು ಗೊತ್ತುಂಟು."
ಚಿಟ್.