ದುರ್ಬಲ ಎಂಬ ಪದ

ಇಪ್ಪತ್ತು ಸಾವಿರ ಕಿಲೋಮೀಟರು ಇಳಿದು ಬರುವಷ್ಟರಲ್ಲಿ
ಅದರ ದನಿ ಸೋತಿರುತ್ತದೆ.
ಸಂತೆಯ ಆ ತುದಿಯಲ್ಲಿ ಯಾರೋ
ನಮ್ಮ ಹೆಸರನ್ನು ಪಿಸುಗುಟ್ಟಿದ ಹಾಗೆ.

ನಮ್ಮ ಸಂಘದ ಕೆಲಸ ಇಷ್ಟೇ:
ಸಂತೆಯವರಿಗೆ, ಸ್ವಲ್ಪ ಸುಮ್ಮನಿರಿ, ಅನ್ನುವುದು.

ಓಸ್ಲೋದಲ್ಲಿ ಹಲ್ಲಿನ ಡಾಕ್ಟರ ಮೇಲ್ಮಹಡಿಯಲ್ಲಿ ಕಚೇರಿ.
ಕೆಳಗೆ ಡ್ರಿಲ್ಲು ಕೊರೆಯುತ್ತಿರುವಾಗ ಮೇಲೆ ನಾನು
ಮಂತ್ರಿಗಳಿಗೆ ಬರೆಯುತ್ತೇನೆ:
ಪಕ್ಕದ ತರಂಗಗಳನ್ನು ಗದ್ದಲದವರಿಗೆ ಮಾರಬೇಡಿ.
ಸದಸ್ಯರು ಹತ್ತೊಂಬತ್ತು. ಟ್ರ್ಯಾಕ್ಟರಿಗೆ ಚುಕ್ಕಾಣಿ ಕೂರಿಸುವವರು,
ಹಡಗಿನ ಪರದೆಯವರು, ಬ್ಯಾಂಕಿನ ಗಡಿಯಾರ ಸರಿಯಿಡುವವರು,
ಸೇತುವೆ ಎಷ್ಟು ಕೂದಲೆಳೆ ಸರಿದಿದೆಯೆಂದು ಅಳೆಯುವ
ಇಬ್ಬರು ಅಣ್ಣತಮ್ಮಂದಿರು (ಅಷ್ಟು ನಿಖರವಾದ ಇವರು
ಚಂದಾ ಮಾತ್ರ ಎಂದೂ ಸಮಯಕ್ಕೆ ಕೊಟ್ಟವರಲ್ಲ).

ಕಳೆದ ಸಭೆಯಲ್ಲಿ ಒಂದೂವರೆ ಗಂಟೆ ಜಗಳ, ಒಂದು ಪದಕ್ಕೆ.
ಕರಪತ್ರದಲ್ಲಿ ನಾನು ಬರೆದಿದ್ದೆ: ಈ ಸಂಕೇತ ದುರ್ಬಲ.
"ತೆಗೆಯಿರಿ ಅದನ್ನ," ಅಂದರು ಆಂಟೆನಾದ ಗುಲ್‌ಬ್ರಾನ್,
"ತನ್ನ ಸರಕನ್ನು ತಾನೇ ಹಳಿಯುವ ವ್ಯಾಪಾರಿ ಎಲ್ಲಾದರೂ ಉಂಟೇ?"
'ಸೂಕ್ಷ್ಮ' ಅಂತ ಹಾಕಿದೆವು. ಕಾಫಿ ಬಂತು.
ಗದ್ದಲ ಹೆಚ್ಚಿದಷ್ಟೂ ಗುಲ್‌ಬ್ರಾನರ ಆಂಟೆನಾ ಬಿಕರಿ ಹೆಚ್ಚು.
ನಡಾವಳಿಯಲ್ಲಿ ಇದನ್ನು ಯಾರೂ ಬರೆಸಲಿಲ್ಲ,
ಬರೆಯುವವಳು ನಾನೇ ಆಗಿದ್ದರೂ.

ಆಮೇಲೆ ಸಾಕ್ಷಿ ಬೇಕಾಯಿತು.
ವಾರ್ಡೊಗೆ ಬಂದೆ, ನಕ್ಷೆಯ ಮೇಲ್ತುದಿಯ ಬಲಮೂಲೆಗೆ.
ಗಾಳಿಗೆ ಮರ ಹಿಡಿಯದ ಊರು.
ಚೌಕಟ್ಟಿನ ಮೇಲೆ ಸಾಲಾಗಿ ಒಣಗುವ ಮೀನಿನ ತಲೆಗಳು
ಏನೋ ಹೇಳಹೊರಟು ನಿಂತಂತೆ.

ಹಿಲ್ಮಾರನ ಅಡುಗೆಮನೆ. ನನ್ನ ಕೈಯಲ್ಲಿ ನಮೂನೆ:
ದಿನಾಂಕ, ಅವಧಿ, ನಷ್ಟ ಎಷ್ಟು ಕ್ರೋನ.
"ಮಾರ್ಚಿಯಲ್ಲಿ ನನ್ನ ದೋಣಿ
ವಿಮಾನ ನಿಲ್ದಾಣದಲ್ಲಿತ್ತು," ಅಂದ.
"ಪರದೆ ಹಾಗೇ ಹೇಳಿತು. ರನ್‌ವೇ ನಡುಮಧ್ಯ,
ಬೋನು, ಏಡಿ, ನಾನು, ಎಲ್ಲ ಸಮೇತ.
ಟಿಕೆಟ್ಟು ಕೇಳುವವರೇ ಬರಲಿಲ್ಲ ನೋಡು."
ನಗು ಕೆಮ್ಮಾಗಿ ಮುಗಿಯಿತು.

"ಆಮೇಲೆ?"
"ಆಮೇಲೇನು. ಹೊರಗೆ ನೋಡಿದೆ."

ನೋಟುಬುಕ್ಕೊಂದನ್ನು ತೆಗೆದ. ಮೀನೆಣ್ಣೆ ಕುಡಿದು
ಆಚೆಬದಿಯ ಅಕ್ಷರ ಈಚೆಗೂ ಕಾಣುವ ಹಾಳೆ. ಬರೆದವಳು ಅವನ ಅತ್ತೆ:
ಚರ್ಚಿನ ಶಿಖರ ಕರಿಬಂಡೆಯ ಹೆಗಲಿಗೆ ಬಂದಾಗ,
ದೀಪಸ್ತಂಭ ಟಾರು ಬಳಿದ ಕೊಟ್ಟಿಗೆಯ ಹಿಂದೆ ಅಡಗಿದಾಗ,
ಅಲ್ಲಿ. ಗಾಳ ಬಿಡು.

ಎರಡು ಗೆರೆ ಸಾಕು, ಅವು ಕೂಡಿದ ಕಡೆ ನೀನಿದ್ದೀ.

ನಾನು ಎಲ್ಲಿ ಕರಗಿಬಿಡುತ್ತೇನೋ ಅನ್ನಿಸಿರಬೇಕು ಅವನಿಗೆ.
"ಆ ಕೊಟ್ಟಿಗೆ ಸುಟ್ಟುಹೋಗಿ ಹನ್ನೆರಡು ವರ್ಷ," ಅಂದ.
"ಮಂಜು ಕವಿದರೆ ಈ ಪುಸ್ತಕಕ್ಕೂ ಕಣ್ಣಿಲ್ಲ.
ಅದಕ್ಕೇ ಡಬ್ಬಿ ಕೊಂಡದ್ದು. ಡಬ್ಬಿ ಒಳ್ಳೆಯದೇ.
ಅದರ ಕಿವಿಯಲ್ಲಿ ಕೂತು ಅರಚುತ್ತಾನಲ್ಲ,
ಅವನಿಗೆ ಬರೆ, ನಿನ್ನ ಕಾಗದ."

ಅವನ ವಿಳಾಸ ನಮ್ಮ ಬಳಿ ಇಲ್ಲ.

"ನಷ್ಟ?"
"ಒಂದು ಬೆಳಗು ಅಂತ ಬರಿ."
"ಇಲ್ಲಿ ಅಂಕಿ ಮಾತ್ರ ಬರೆಯಬೇಕು."
"ಹಾಗಾದರೆ, ಒಂದು."

ಬರೆದೆ. ಒಂದು ಕ್ರೋನ.
ಓಸ್ಲೋದಲ್ಲಿ ಇದನ್ನು ಕೂಡಿಸುವ ಹುಡುಗ
ಕೈತಪ್ಪು ಅಂದುಕೊಂಡಾನು.

ವಾಪಸು ಕರಾವಳಿಯ ಹಡಗಿನಲ್ಲಿ, ನಿದ್ದೆ ಬಾರದೆ,
ಕರಡು ತೆರೆದು 'ಸೂಕ್ಷ್ಮ' ಹೊಡೆದುಹಾಕಿ
ಹಳೆಯ ಪದವನ್ನು ಅದರ ಜಾಗಕ್ಕೆ ಕರೆತಂದೆ.
ಮುಂದಿನ ಸಭೆಯಲ್ಲಿ ಮತ್ತೆ ತೆಗೆಸುತ್ತಾರೆ, ಗೊತ್ತು.

ಫೋನಿನ ನೀಲಿ ಚುಕ್ಕೆ ನನ್ನನ್ನು
ಯಾವುದೋ ಬೆಟ್ಟದ ಹೊಟ್ಟೆಯೊಳಗಿಟ್ಟಿತ್ತು.
ಅಟ್ಟಕ್ಕೆ ಹೋಗಿ ಹೊರಗೆ ನೋಡಿದೆ.
ನೀರು. ಎಡಕ್ಕೆ, ದೂರ, ಒಂದು ದೀಪ.
ಕೈ ಮರಗಟ್ಟುವವರೆಗೂ ಕಂಬಿ ಹಿಡಿದು
ಎರಡನೆಯದಕ್ಕೆ ಕಾದೆ.