ಒಂದು ಗೇಣು ಕಡಲು

ಬಳ್ಳಾರಿಗೆ ಕಡಲಿಲ್ಲ ಎಂದು
ಭೂಗೋಳದ ಮೇಷ್ಟ್ರು ನಕಾಶೆಗೆ ಕೋಲಿಟ್ಟು ಹೇಳಿದ ದಿನ
ಓಡಿ ಬಂದು ಅಜ್ಜಿಗೆ ಒಪ್ಪಿಸಿದೆ.
ಸಕ್ರೂಬಾಯಿ ಎಲೆಯಡಿಕೆ ಉಗಿದು ಬಾಯೊರೆಸಿಕೊಂಡಳು:
"ಯಾರಂದವ್ರು? ನಮ್ಮೆತ್ತು ಕಡಲು ಹೊತ್ತಾವ."

ಅವಳಜ್ಜನ ಕಾಲಕ್ಕೆ ಲದಣಿ ಇತ್ತು.
ಮುನ್ನೂರು ಎತ್ತು. ಗಾಡಿಯಿಲ್ಲ, ನೊಗವಿಲ್ಲ,
ಬೆನ್ನಿನ ಎರಡೂ ಮಗ್ಗುಲಿಗೆ ಗೋಣಿ,
ಮುಂದಿನೆತ್ತಿನ ಕೊಂಬಿಗೆ ಕವಡೆ, ಕೊರಳಿಗೆ ಗಂಟೆ.
ಇಲ್ಲಿಂದ ಜೋಳ, ಅರಳೆ;
ಘಟ್ಟ ಇಳಿದರೆ ಸಾಣಿಕಟ್ಟೆಯ ಆಗರದಲ್ಲಿ ಉಪ್ಪು.
ಆಗರದವನು ಬುಟ್ಟಿಯಲ್ಲಿ ಅಳೆದ,
ಹುಣ್ಯಾ ನಾಯಕ ಹರಳು ಹಲ್ಲಿಗಿಟ್ಟು ಕಡಿದು ನೋಡಿದ,
ಒಬ್ಬರ ಮಾತು ಒಬ್ಬರಿಗೆ ಬಾರದ ಇಬ್ಬರು
ವಲ್ಲಿಯ ಕೆಳಗೆ ಬೆರಳು ಹಿಡಿದು ಬೆಲೆ ಮಾಡಿದರು.
ಘಟ್ಟದ ಮಂಜು ಕುಡಿದ ಗೋಣಿ ಭಾರ,
ಎರೆಯ ಬಯಲಿಗೆ ಬಂದಂತೆ ಹಗುರ.
ಹಿಂದಿನೆತ್ತು ಮುಂದಿನೆತ್ತಿನ ಗೋಣಿ ನೆಕ್ಕುತ್ತ ನೆಕ್ಕುತ್ತ
ದಣಿವು ಮರೆಯುತ್ತಿತ್ತಂತೆ.
"ಮೂರರಾಗ ಒಂದು ಪಾಲು ದಾರೀಗೆ" ಅನ್ನುತ್ತಿದ್ದಳು,
ಆ ಲೆಕ್ಕ ತಾನೇ ಬರೆದಿಟ್ಟವಳ ಹಾಗೆ.

ಆಮೇಲೆ ರೈಲು ಬಂತು.
ಉಪ್ಪಿಗೆ ಸರ್ಕಾರದ ಮುದ್ರೆ ಬಂತು.
ಮುನ್ನೂರು ಬೆನ್ನಿನ ಭಾರ ಒಂದೇ ಡಬ್ಬಿಯಲ್ಲಿ ಹೋಯಿತು.
ಕೆಲಸ ತಪ್ಪಿದ ಎತ್ತು ಸಂತೆಗೆ,
ಕೆಲಸ ತಪ್ಪಿದ ಮನುಷ್ಯ ಠಾಣೆಯ ಪುಸ್ತಕಕ್ಕೆ.
ಬೆಳಿಗ್ಗೆ ಹಾಜರಿ, ರಾತ್ರಿ ಹಾಜರಿ.
ಕಡಲಿನ ತನಕ ನಡೆದವರು
ಊರ ಮುಂದಿನ ಹಳ್ಳ ದಾಟಲು ಚೀಟಿ ಕೇಳಿದರು.
ಇದು ಅಜ್ಜಿ ಹೇಳಿದ್ದಲ್ಲ, ನಾನು ಓದಿದ್ದು.
ಕಥೆ ಈ ಜಾಗಕ್ಕೆ ಬಂದರೆ
ಅವಳು ಸೂಜಿಗೆ ದಾರ ಪೋಣಿಸಲು ಹೊರಡುತ್ತಿದ್ದಳು.

ಈಗ ನಾನು ತೋರಣಗಲ್ಲಿನ ದಾರಿಯಲ್ಲಿ
ವೇಬ್ರಿಜ್ಜಿನ ಕಿಟಕಿಯೊಳಗೆ.
ಲಾರಿ ಹತ್ತುತ್ತದೆ, ಅಂಕಿ ಓಡುತ್ತದೆ, ನಡುಗಿ ನಿಲ್ಲುತ್ತದೆ.
ಒಟ್ಟು ತೂಕದಲ್ಲಿ ಖಾಲಿ ತೂಕ ಕಳೆದರೆ
ಉಳಿದದ್ದು ಸಂಡೂರಿನ ಗುಡ್ಡ.
ನನ್ನ ಚೀಟಿಯ ಮೇಲೆ ಕೂತು ಕೂತು
ಎಷ್ಟು ಗುಡ್ಡ ಕಡಲಿಗೆ ಇಳಿಯಿತೋ, ಕೂಡಿ ನೋಡಿಲ್ಲ.
ತಮ್ಮ ಥಾವರ್ಯಾ ಅದರಲ್ಲೊಂದು ಲಾರಿಯ ಡ್ರೈವರು.
ಎತ್ತಿನ ಬದಲು ಹತ್ತು ಗಾಲಿ, ಘಟ್ಟ ಅದೇ.
ಹೋಗುವಾಗ ಭಾರ,
ಬರುವಾಗ ಎಫ್ಎಂ ಹಾಡು, ಖಾಲಿ ಡಬ್ಬಿಯ ಸದ್ದು.

ಬಂದರಿನ ಬೇಲಿಯಾಚೆ ಬೀರಮ್ಮ ಹರಿಕಂತ್ರ
ಮರಳಿನ ಮೇಲೆ ಬಲೆ ಹಾಸಿ ಮೀನು ಒಣಗಿಸುತ್ತಾಳೆ.
ಒಂದು ದಿನ ಲಾರಿಗಳ ಸಾಲಿನೊಳಗೆ ನುಗ್ಗಿ
ಇವನ ಬಾಗಿಲು ಬಡಿದಳಂತೆ.
"ಯಾವೂರಾ ನಿಂದು?"
"ಬಳ್ಳಾರಿ."
"ನಿನ್ನ ಬಳ್ಳಾರಿ ನನ್ನ ಬಂಗಡೆ ಮೇಲೆ ಕೂತಿದೆ. ಇಳಿದು ನೋಡು."
ಇಳಿದು ನೋಡಿದ. ಬೆಳ್ಳಿಯಂಥ ಮೀನು ತುಕ್ಕು ಹಿಡಿದಿತ್ತು.
ಅರ್ಧ ಬೆಲೆಗೂ ವ್ಯಾಪಾರಿ ಮೂಗು ಮುರಿದನಂತೆ,
ದೋಣಿಯ ಡೀಸೆಲ್ಲಿನ ಬಾಕಿ ಯಾರ ಅಪ್ಪ ಕೊಡ್ತಾನೆ, ಕೇಳಿದಳು.
ಥಾವರ್ಯಾ ಏನು ಹೇಳಬೇಕು?
ಗುಡ್ಡ ಅವನದಲ್ಲ. ಲಾರಿ ಅವನದಲ್ಲ.
ದೂರದಲ್ಲಿ ನಿಂತ ಹಡಗಿನ ಹೆಸರು ಓದಲು ಬಾರದ ಲಿಪಿಯಲ್ಲಿತ್ತು.
ಚೌಕಾಸಿ ಮಾಡದೆ ಎಂಟು ಕಿಲೋ ಕೊಂಡ.
ಬೈಯುತ್ತಲೇ ಅವಳು ಒಂದು ಹಿಡಿ ಹೆಚ್ಚಿಗೆ ಹಾಕಿದಳು.

ನಿನ್ನೆ ನಸುಕಿನಲ್ಲಿ ಆ ಚೀಲ ತಂದು
ನನ್ನ ತಕ್ಕಡಿಯ ನಟ್ಟನಡುವೆ ಇಟ್ಟು ನಕ್ಕ:
"ಅಕ್ಕಾ, ತೂಕ ಹಾಕು."
ಅರವತ್ತು ಟನ್ನಿನ ಕಬ್ಬಿಣದ ಹಾಸು ಅದು,
ಇಪ್ಪತ್ತು ಕಿಲೋ ಒಳಗಿನದು ಅದರ ಕಣ್ಣಿಗೆ ಬೀಳದು.
ಪರದೆಯ ಮೇಲೆ ಸೊನ್ನೆ.

ಅಜ್ಜಿಗೆ ಈಗ ಕಣ್ಣು ಮಂಜು. ಮೀನಿನ ವಾಸನೆ ಹಿಡಿದು
ತಪ್ಪಲೆ ತಾನೇ ಎಳೆದುಕೊಂಡಳು.
ಮೊದಲ ನೀರು ಕೆಂಪು. ಎರಡನೆಯದೂ.
ಮೂರನೆಯದಕ್ಕೆ ಬೆರಳದ್ದಿ ನಾಲಗೆಗಿಟ್ಟಳು.
"ಉಪ್ಪು ಚಲೋ ಐತಿ," ಅಂದಳು.
ಸ್ವಲ್ಪ ಹೊತ್ತಿನ ಮೇಲೆ: "ಮಣ್ಣು ನಮ್ದು."
ಚೆಲ್ಲಲು ಎತ್ತಿದ ನನ್ನ ಕೈ ಹಿಡಿದಳು. "ಇಡು. ತಿಳಿಯಾಗಲಿ."

ಇವತ್ತು ಪಾಳಿಗೆ ಹೊರಡುವಾಗ ಬಗ್ಗಿ ನೋಡಿದೆ.
ತಪ್ಪಲೆಯ ತಳದಲ್ಲಿ ಗುಡ್ಡ ಕೂತಿತ್ತು,
ಮೇಲೆ, ಅಲುಗದೆ,
ಒಂದು ಗೇಣು ಕಡಲು.